ಜಗತ್ತಿನ ಮಹಾ ಅಪಾಯಗಳಿಗೆ ನಾವೆಷ್ಟು ಸಿದ್ಧರಿದ್ದೇವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರುಗಳಲ್ಲಿ ಕಾಲೇಜು ವಿದ್ಯಾರ್ಥಿಗಳೊಂದಿಗೂ ಕಾಫಿ ಬೆಳೆಗಾರರೊಂದಿಗೂ ಈ ವಿಷಯವಾಗಿ ಮಾತನಾಡುವ ಸಂದರ್ಭಗಳು ಕಳೆದ ಕೆಲವು ವರ್ಷಗಳಲ್ಲಿ ನನಗೆ ಒದಗಿವೆ. ಊರು ಬದಲಾದರೂ ಪ್ರಶ್ನೆಗಳು ಹೆಚ್ಚು ಬದಲಾಗುವುದಿಲ್ಲ. ಮತ್ತೆ ಮತ್ತೆ ಎದುರಾದವುಗಳನ್ನು ಆಯ್ದು, ಸಭೆಯಲ್ಲಿ ಅವಸರದಲ್ಲಿ ಹೇಳಿದ್ದ ಉತ್ತರಗಳನ್ನು ಇಲ್ಲಿ ಸಾವಧಾನವಾಗಿ ಬರೆದಿದ್ದೇನೆ.

ಜಾಗತಿಕ ಮಹಾ ಅಪಾಯ ಎಂದು ಯಾವುದನ್ನು ಕರೆಯುತ್ತಾರೆ? ಶಿರಾಡಿಯ ಗುಡ್ಡ ಕುಸಿದದ್ದೂ ಅದರಲ್ಲಿ ಸೇರುತ್ತದೆಯೇ?

ಸೇರುವುದಿಲ್ಲ. 2024ರ ಜುಲೈ ತಿಂಗಳಿನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಲು ಬಳಿ ಹೆದ್ದಾರಿಯ ಮೇಲೆ ಗುಡ್ಡ ಜಾರಿದಾಗ ಮಣ್ಣು ತೆಗೆಯುವ ಯಂತ್ರಗಳು ಬೇರೆ ಕಡೆಯಿಂದ ಬಂದವು, ವಾಹನಗಳು ಬೇರೆ ದಾರಿ ಹಿಡಿದವು. ಅಂದರೆ ಸಂಕಟ ಒಂದು ಕಡೆ ಇತ್ತು, ನೆರವು ಇನ್ನೊಂದು ಕಡೆಯಿಂದ ಬರುವಂತಿತ್ತು. ಈ ‘ಇನ್ನೊಂದು ಕಡೆ’ ಎಂಬುದೇ ಇಲ್ಲವಾಗುವ ಸ್ಥಿತಿಯನ್ನು ಜಾಗತಿಕ ಅಪಾಯವೆನ್ನುತ್ತಾರೆ. 2020ರ ಏಪ್ರಿಲ್‌ನಲ್ಲಿ ಮುಖಗವಸು, ಕೈಗವಸು, ವೆಂಟಿಲೇಟರ್‌ಗಳನ್ನು ಎಲ್ಲ ದೇಶಗಳೂ ಒಂದೇ ವಾರದಲ್ಲಿ ಕೇಳತೊಡಗಿದವು. ಕೊಡಬೇಕಾಗಿದ್ದವರೂ ಸಾಲಿನಲ್ಲಿ ನಿಂತಿದ್ದರು. ಸಾಂಕ್ರಾಮಿಕ ರೋಗ, ಅಣ್ವಸ್ತ್ರ ಯುದ್ಧ, ಹಲವು ಖಂಡಗಳಲ್ಲಿ ಒಟ್ಟಿಗೆ ಬೆಳೆ ಕೈಕೊಡುವುದು, ತೀವ್ರ ಸೌರ ಬಿರುಗಾಳಿ, ಕ್ಷುದ್ರಗ್ರಹದ ಡಿಕ್ಕಿ, ಭಾರಿ ಜ್ವಾಲಾಮುಖಿ, ಹತೋಟಿ ತಪ್ಪಿದ ತಂತ್ರಜ್ಞಾನ ಇವೆಲ್ಲ ಈ ಗುಂಪಿಗೆ ಸೇರುತ್ತವೆ.

ಆದರೂ ಈ ಭಾಗದವರು ಗುಡ್ಡ ಕುಸಿತದ ಮಾತೆತ್ತುವುದು ಅಪ್ರಸ್ತುತವೆಂದು ನಾನು ಭಾವಿಸುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಅಲೇಖಾನ್ ಹೊರಟ್ಟಿಯಂಥ ಊರುಗಳಲ್ಲಿ ಮನೆ ತೋಟ ಕಳೆದುಕೊಂಡವರಿಗೆ, ಸಿದ್ಧತೆಯೆಂಬುದು ಕಾಗದದ ಮೇಲೆ ಹೇಗಿರುತ್ತದೆ, ನೆಲದ ಮೇಲೆ ಹೇಗಿರುತ್ತದೆ ಎಂಬುದನ್ನು ಬೇರೆಯವರು ವಿವರಿಸಬೇಕಾಗಿಲ್ಲ.

ಜಗತ್ತಿನ ಸಿದ್ಧತೆಯನ್ನು ಅಳೆಯುವವರು ಯಾರು?

ಹಲವರು ಅಳೆಯುತ್ತಾರೆ, ಮತ್ತು ಅವರೆಲ್ಲರೂ ಅಳೆಯುವುದು ಒಂದೇ ವಿಷಯವನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ 2007ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ರತಿಯೊಂದು ದೇಶವೂ ರೋಗ ಪತ್ತೆ, ಪ್ರಯೋಗಾಲಯ, ತುರ್ತು ಸ್ಪಂದನೆ ಮೊದಲಾದವುಗಳಲ್ಲಿ ತನಗೆ ತಾನೇ ವರ್ಷಕ್ಕೊಮ್ಮೆ ಅಂಕ ಕೊಟ್ಟುಕೊಂಡು ವರದಿ ಸಲ್ಲಿಸಬೇಕು. ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದುವ ವಿದ್ಯಾರ್ಥಿ ಎಷ್ಟು ಕಟ್ಟುನಿಟ್ಟಾಗಿರುತ್ತಾನೆ ಎಂಬುದು ಮೇಷ್ಟರುಗಳಿಗೆ ಗೊತ್ತಿರುವ ವಿಷಯವೇ. ಈ ಕೊರತೆಯನ್ನು ನೀಗಲು ಹೊರಗಿನ ತಜ್ಞರೂ ಸೇರಿ ದೇಶಕ್ಕೆ ಭೇಟಿ ಕೊಟ್ಟು 1ರಿಂದ 5ರವರೆಗೆ ಅಂಕ ನೀಡುವ ಜಂಟಿ ಮೌಲ್ಯಮಾಪನವೊಂದಿದೆ, ಆದರೆ ಅದಕ್ಕೆ ಒಪ್ಪುವುದೂ ಬಿಡುವುದೂ ಆಯಾ ದೇಶದ ಇಚ್ಛೆ.

ನೈಸರ್ಗಿಕ ವಿಕೋಪಗಳ ವಿಷಯದಲ್ಲಿ 2015ರಲ್ಲಿ ಜಪಾನಿನ ಸೆಂಡೈ ನಗರದಲ್ಲಿ ಒಪ್ಪಿಕೊಂಡ ಏಳು ಗುರಿಗಳಿವೆ. ಯುರೋಪಿಯನ್ ಆಯೋಗದ ಸಂಶೋಧನಾ ಕೇಂದ್ರ ಮುನ್ನಡೆಸುವ ‘ಇನ್ಫಾರ್ಮ್’ ಸೂಚ್ಯಂಕವು ವಿಪತ್ತು ಎಷ್ಟು ಬಡಿಯಬಹುದು, ಜನ ಎಷ್ಟು ಅಸಹಾಯಕರು, ತಡೆದುಕೊಳ್ಳುವ ಶಕ್ತಿ ಎಷ್ಟು ಕಡಿಮೆ ಎಂಬ ಮೂರನ್ನು ಸೇರಿಸಿ ಪ್ರತಿ ದೇಶಕ್ಕೂ ಹತ್ತರಲ್ಲಿ ಅಂಕ ಹಾಕುತ್ತದೆ. ವಿಶ್ವ ಆರ್ಥಿಕ ವೇದಿಕೆ 2006ರಿಂದ ಪ್ರಕಟಿಸುತ್ತಿರುವ ಅಪಾಯಗಳ ವರದಿಯೇ ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾಗುತ್ತದೆ. ಆದರೆ ಅದರ ಶ್ರೇಯಾಂಕ ಪಟ್ಟಿ ತಜ್ಞರ ಮತ್ತು ಉದ್ಯಮಿಗಳ ಅಭಿಪ್ರಾಯ ಸಂಗ್ರಹದಿಂದ ಬಂದದ್ದು. ಅದನ್ನು ಸಿದ್ಧತೆಯ ಅಳತೆಯೆಂದು ಓದುವುದು ತಪ್ಪು.

2019ರಲ್ಲಿ ಅಮೆರಿಕಕ್ಕೆ ಮೊದಲ ಸ್ಥಾನ ಕೊಟ್ಟವರು ಇದೇ ಜನವಲ್ಲವೇ? ಮುಂದಿನ ವರ್ಷ ಅಲ್ಲಿ ಏನಾಯಿತೆಂದು ಎಲ್ಲರೂ ನೋಡಿದ್ದಾರೆ. ಇಂಥ ಅಂಕಗಳಿಗೆ ಬೆಲೆ ಕೊಡಬೇಕೇ?

ಪ್ರತಿ ಸಭೆಯಲ್ಲೂ ಎದುರಾಗುವ ಪ್ರಶ್ನೆ ಇದು, ಮತ್ತು ನ್ಯಾಯವಾದದ್ದು. 2019ರ ಅಕ್ಟೋಬರ್‌ನಲ್ಲಿ, ವುಹಾನ್‌ನ ಸುದ್ದಿ ಹೊರಬೀಳುವುದಕ್ಕೆ ಎರಡೇ ತಿಂಗಳ ಮೊದಲು, ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕ ಮೊದಲ ಬಾರಿ ಪ್ರಕಟವಾಯಿತು. 195 ದೇಶಗಳ ಪಟ್ಟಿಯಲ್ಲಿ ಅಮೆರಿಕಕ್ಕೆ ನೂರಕ್ಕೆ 83.5 ಅಂಕಗಳೊಡನೆ ಮೊದಲ ಸ್ಥಾನ, ಬ್ರಿಟನ್ನಿಗೆ ಎರಡನೆಯದು. ನ್ಯೂಜಿಲೆಂಡ್ 35ನೆಯದು, ವಿಯೆಟ್ನಾಂ 50ನೆಯದು, ಭಾರತ 57ನೆಯದು. ಕೋವಿಡ್‌ನ ಮೊದಲ ವರ್ಷ ಕಳೆಯುವಷ್ಟರಲ್ಲಿ ನ್ಯೂಜಿಲೆಂಡ್ ಮತ್ತು ವಿಯೆಟ್ನಾಂಗಳಲ್ಲಿ ಸಾವು ಬೆರಳೆಣಿಕೆಯ ಡಜನ್‌ಗಳಲ್ಲಿತ್ತು; ಅಮೆರಿಕದಲ್ಲಿ 2022ರ ಹೊತ್ತಿಗೆ ಅದು 10 ಲಕ್ಷ ದಾಟಿತು.

ಆದರೆ ಆ ವರದಿಯನ್ನು ಪೂರ್ತಿ ಓದಿದರೆ ಎರಡು ಸಂಗತಿಗಳು ಕಾಣುತ್ತವೆ. ಯಾವ ದೇಶವೂ ಸಂಪೂರ್ಣ ಸಿದ್ಧವಾಗಿಲ್ಲ ಎಂಬುದೇ ಅದರ ಮುಖ್ಯ ತೀರ್ಮಾನವಾಗಿತ್ತು. ಜಗತ್ತಿನ ಸರಾಸರಿ ಅಂಕ 40.2. ಇನ್ನೊಂದು, ಚಿಕಿತ್ಸೆ ಎಲ್ಲರ ಕೈಗೆಟುಕುತ್ತದೆಯೇ ಎಂಬ ಬಾಬತ್ತಿನಲ್ಲಿ ಅದೇ ಸೂಚ್ಯಂಕ ಅಮೆರಿಕವನ್ನು ಬಹಳ ಕೆಳಗೆ ಇಟ್ಟಿತ್ತು. ಪತ್ರಿಕೆಗಳು ಒಟ್ಟು ಅಂಕವನ್ನು ಮಾತ್ರ ಅಚ್ಚು ಮಾಡಿದವು. ಮುಂದೆ ದೇಶಗಳ ವಯೋಮಾನದ ವ್ಯತ್ಯಾಸವನ್ನೂ ಲೆಕ್ಕಕ್ಕೆ ಬಾರದ ಸಾವುಗಳನ್ನೂ ಸರಿಹೊಂದಿಸಿ ನೋಡಿದ ಅಧ್ಯಯನದಲ್ಲಿ, ಹೆಚ್ಚು ಅಂಕ ಪಡೆದ ದೇಶಗಳಲ್ಲಿ ಹೆಚ್ಚುವರಿ ಸಾವು ಕಡಿಮೆ ಇದ್ದದ್ದು ಕಂಡುಬಂತು. ಅಂದರೆ ಅಂಕಕ್ಕೆ ಅರ್ಥವೇ ಇರಲಿಲ್ಲವೆಂದು ಹೇಳಲಾಗದು. ಪ್ರಯೋಗಾಲಯ, ಕಾನೂನು, ತಜ್ಞರು, ದಾಸ್ತಾನು ಇವೆಯೇ ಎಂಬುದನ್ನು ಅದು ಎಣಿಸಿತು. ಇವೆಲ್ಲ ಇದ್ದೂ, ಆಳುವವರು ಅವನ್ನು ಬಳಸುತ್ತಾರೆಯೇ, ಆಳುವವರ ಮಾತನ್ನು ಜನ ನಂಬುತ್ತಾರೆಯೇ ಎಂಬುದು ಅದರ ತಕ್ಕಡಿಗೆ ಸಿಗಲಿಲ್ಲ. ಸರ್ಕಾರದ ಮೇಲೂ ಒಬ್ಬರ ಮೇಲೊಬ್ಬರಿಗೂ ಹೆಚ್ಚು ನಂಬಿಕೆಯಿದ್ದ ದೇಶಗಳಲ್ಲಿ ಸೋಂಕು ಕಡಿಮೆಯಿತ್ತು ಎಂಬುದು 2022ರಲ್ಲಿ ಪ್ರಕಟವಾದ ಮತ್ತೊಂದು ದೊಡ್ಡ ಅಧ್ಯಯನದ ಫಲಿತಾಂಶ.

ಹಾಗಾದರೆ ಕಾಗದದ ಸಿದ್ಧತೆಗೂ ನಿಜವಾದ ಸಿದ್ಧತೆಗೂ ಇರುವ ಅಂತರವನ್ನು ಪತ್ತೆ ಹಚ್ಚುವುದು ಹೇಗೆ?

ನಾನು ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಮಳೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ, ಮಲೆನಾಡಿನ ಒಂದು ಕಚೇರಿಯಲ್ಲಿ ತುರ್ತು ಸಾಮಗ್ರಿಗಳ ಪಟ್ಟಿಯನ್ನು ನೋಡಿದ್ದೆ. ‘ಜನರೇಟರ್, ಒಂದು, ಸುಸ್ಥಿತಿಯಲ್ಲಿದೆ’ ಎಂದು ಅಂದವಾದ ಅಕ್ಷರಗಳಲ್ಲಿ ಬರೆದಿತ್ತು. ನೋಡಬಹುದೇ ಎಂದು ಕೇಳಿದಾಗ ಶೆಡ್ಡಿನ ಬೀಗದ ಕೈ ರಜೆಯಲ್ಲಿದ್ದ ನೌಕರರ ಮನೆಯಲ್ಲಿರುವುದು ತಿಳಿಯಿತು. ಕೈ ಬಂದು ಬಾಗಿಲು ತೆರೆದಾಗ ಜನರೇಟರ್‌ನ ಮೇಲೆ ಹಳೆಯ ಕಡತಗಳ ಗಂಟುಗಳಿದ್ದವು, ಬ್ಯಾಟರಿ ಸತ್ತಿತ್ತು, ಡೀಸೆಲ್ ಕ್ಯಾನಿನ ತಳದಲ್ಲಿ ಬೆರಳಗಲ ಕೊಳೆ ಇತ್ತು. ಪಟ್ಟಿ ಸುಳ್ಳು ಹೇಳಿರಲಿಲ್ಲ, ಜನರೇಟರ್ ಇದ್ದದ್ದು ನಿಜ. ಅಲ್ಲಿದ್ದ ಗುಮಾಸ್ತರು ಮುಜುಗರಪಟ್ಟುಕೊಂಡು, “ಸಾರ್, ಪಟ್ಟಿಯಲ್ಲಿ ಇದೆಯಾ ಇಲ್ಲವಾ ಅಂತ ಮಾತ್ರ ಕಾಲಂ ಇದೆ, ಓಡುತ್ತಾ ಅಂತ ಇಲ್ಲ” ಎಂದರು. ಅಂತರರಾಷ್ಟ್ರೀಯ ಸೂಚ್ಯಂಕಗಳ ಮೇಲೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಚುಟುಕಾಗಿರಲಿಲ್ಲ.

ಅಂತರ ತಿಳಿಯಬೇಕಾದರೆ ಅಣಕು ಕಾರ್ಯಾಚರಣೆ ನಡೆಸಬೇಕು, ಅದೂ ಮೊದಲೇ ದಿನ ಗೊತ್ತುಮಾಡದೆ. ಆದರೆ ಅಣಕು ಕಾರ್ಯಾಚರಣೆ ತೋರಿಸಿದ ಹುಳುಕನ್ನು ಮುಚ್ಚಿಟ್ಟರೆ ಅದೂ ವ್ಯರ್ಥ. ಬ್ರಿಟನ್ 2016ರ ಅಕ್ಟೋಬರ್‌ನಲ್ಲಿ ‘ಸಿಗ್ನಸ್’ ಎಂಬ ಹೆಸರಿನಲ್ಲಿ ಫ್ಲೂ ಪಿಡುಗಿನ ತಾಲೀಮು ನಡೆಸಿ, ತನ್ನ ವ್ಯವಸ್ಥೆ ತೀವ್ರ ಪಿಡುಗನ್ನು ತಾಳಲಾರದು ಎಂಬ ತೀರ್ಮಾನಕ್ಕೆ ಬಂದಿತ್ತು. ಅಮೆರಿಕ 2019ರಲ್ಲಿ, ಚೀನಾದಿಂದ ಹೊರಟ ಫ್ಲೂ ಹರಡಿದರೆ ಏನಾಗುತ್ತದೆ ಎಂಬ ಕಲ್ಪನೆಯ ಮೇಲೆ ‘ಕ್ರಿಮ್ಸನ್ ಕಂಟೇಜನ್’ ಎಂಬ ತಾಲೀಮನ್ನೇ ಮಾಡಿತ್ತು. ಸಾಮಗ್ರಿಗಳ ಕೊರತೆ, ಯಾರು ಯಾರಿಗೆ ಆದೇಶ ಕೊಡಬೇಕೆಂಬ ಗೊಂದಲ ಎರಡೂ ಅದರಲ್ಲಿ ಬಯಲಾದವು. ಆರೋಗ್ಯ ಭದ್ರತಾ ಸೂಚ್ಯಂಕದ ಮೊದಲ ಎರಡು ದೇಶಗಳಿಗೂ ತಮ್ಮ ಜನರೇಟರ್ ಓಡುವುದಿಲ್ಲವೆಂಬುದು ಗೊತ್ತಿತ್ತು.

ಜಗತ್ತು ಚೆನ್ನಾಗಿ ಸಿದ್ಧವಾಗಿರುವ ಅಪಾಯ ಒಂದಾದರೂ ಇದೆಯೇ?

ಇದೆ. ಚಂಡಮಾರುತದ ವಿಷಯದಲ್ಲಿ ನಮ್ಮ ದೇಶವೇ ಉದಾಹರಣೆ. 1999ರ ಅಕ್ಟೋಬರ್‌ನಲ್ಲಿ ಒಡಿಶಾದ ಕರಾವಳಿಗೆ ಅಪ್ಪಳಿಸಿದ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು, ಸಾವಿನ ಸಂಖ್ಯೆ ಕೆಲವು ಡಜನ್‌ಗಳನ್ನು ಮೀರಲಿಲ್ಲ. ನಡುವಿನ 14 ವರ್ಷಗಳಲ್ಲಿ ಆಶ್ರಯ ಕಟ್ಟಡಗಳು ಎದ್ದವು, ಊರೂರಲ್ಲಿ ತಾಲೀಮು ನಡೆಯಿತು, ಹವಾಮಾನ ಇಲಾಖೆಯ ಮುನ್ಸೂಚನೆ ಸುಧಾರಿಸಿತು. 2004ರ ಸುನಾಮಿ ಬಂದ ದಿನ ಹಿಂದೂ ಮಹಾಸಾಗರಕ್ಕೆ ಎಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ. 2007ರಲ್ಲಿ ಹೈದರಾಬಾದಿನಲ್ಲಿ ಅಂಥ ಕೇಂದ್ರ ಕೆಲಸ ಆರಂಭಿಸಿತು. ಪೆಟ್ಟು ತಿಂದ ನೆನಪು ಹಸಿಯಾಗಿರುವಾಗ ಹಣ ಸಿಗುತ್ತದೆ ಎಂಬುದು ಈ ಎರಡಕ್ಕೂ ಸಾಮಾನ್ಯವಾದ ಅಂಶ. ಒಮ್ಮೆಯೂ ಪೆಟ್ಟು ಕೊಡದ ಅಪಾಯಕ್ಕೆ ಹಣ ಹುಟ್ಟಿಸುವುದು ಕಷ್ಟ.

ಹಾಸನದ ಎಂ.ಸಿ.ಎಫ್.ಗೂ ಈ ವಿಷಯಕ್ಕೂ ಸಂಬಂಧವಿದೆಯೇ?

ನೇರವಾದ ಸಂಬಂಧವಿದೆ. ಸಾಲಗಾಮೆ ರಸ್ತೆಯಲ್ಲಿ ಓಡಾಡುವವರು ದಿನವೂ ನೋಡುವ ಆ ದೊಡ್ಡ ಬಿಳಿ ಆಂಟೆನಾಗಳು ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರಕ್ಕೆ ಸೇರಿದವು. 1982ರಿಂದ ದೇಶದ ಭೂಸ್ಥಿರ ಉಪಗ್ರಹಗಳ ಮೇಲೆ ಇಲ್ಲಿಂದ ನಿಗಾ ನಡೆಯುತ್ತಿದೆ. 2005ರಲ್ಲಿ ಭೋಪಾಲದಲ್ಲಿ ಎರಡನೆಯ ಕೇಂದ್ರವೊಂದು ಬಂದದ್ದು, ಒಂದು ಕಡೆ ಅವಘಡವಾದರೆ ಇನ್ನೊಂದು ಕಡೆಯಿಂದ ಕೆಲಸ ಸಾಗಲಿ ಎಂಬ ದೃಷ್ಟಿಯಿಂದಲೂ ಉಪಯುಕ್ತ. ಸಿದ್ಧತೆಯ ಭಾಷೆಯಲ್ಲಿ ಇದಕ್ಕೆ ತುಂಬ ಬೆಲೆಯಿದೆ.

ಈ ಉಪಗ್ರಹಗಳಿಗಿರುವ ದೊಡ್ಡ ಶತ್ರು ಸೂರ್ಯ. 1859ರ ಸೆಪ್ಟೆಂಬರ್‌ನಲ್ಲಿ ಬೀಸಿದ ಸೌರ ಬಿರುಗಾಳಿಗೆ ಆಗಿನ ತಂತಿ ಯಂತ್ರಗಳು ಕಿಡಿ ಕಾರಿದವು. 1989ರ ಮಾರ್ಚ್‌ನಲ್ಲಿ ಬಂದದ್ದು ಅದಕ್ಕಿಂತ ಸಣ್ಣದು. ಆದರೂ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸುಮಾರು 60 ಲಕ್ಷ ಜನರಿಗೆ ಒಂಬತ್ತು ಗಂಟೆಗಳ ಕಾಲ ವಿದ್ಯುತ್ ಇಲ್ಲವಾಯಿತು. 2024ರ ಮೇ ತಿಂಗಳಿನಲ್ಲಿ ಬಂದ ಬಿರುಗಾಳಿ ಎರಡು ದಶಕಗಳಲ್ಲೇ ತೀವ್ರವಾಗಿದ್ದು, ಲಡಾಖಿನ ಹಾನ್ಲೆಯ ಆಕಾಶವೂ ಕೆಂಪೇರಿತ್ತು. ಸಿಡಿದ ಸೌರದ್ರವ್ಯ ಭೂಮಿಗೆ ತಲುಪಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು, 1859ರದ್ದು ಹದಿನೆಂಟು ಗಂಟೆಯೊಳಗೇ ಬಂದಿತ್ತು. ಅದು ಎಷ್ಟು ಪೆಟ್ಟು ಕೊಡಬಲ್ಲದು ಎಂಬುದು ಖಚಿತವಾಗುವುದು ಮಾತ್ರ, ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ಬಿಂದುವಿನಲ್ಲಿರುವ ನೌಕೆಗಳನ್ನು ಅದು ದಾಟಿದಾಗ. ಆಗ ಉಳಿದಿರುವುದು ಒಂದು ಗಂಟೆ ಅಥವಾ ಅದಕ್ಕೂ ಕಡಿಮೆ. 2024ರ ಜನವರಿಯಿಂದ ನಮ್ಮ ಆದಿತ್ಯ ಎಲ್-1 ಕೂಡ ಆ ಬಿಂದುವಿನ ಬಳಿ ಇದೆ.

ಕ್ಷುದ್ರಗ್ರಹಗಳ ವಿಷಯದಲ್ಲಿ ನೆಮ್ಮದಿಯ ಸುದ್ದಿಯಿದೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಬೇಕೆಂದೇ ಡಿಕ್ಕಿ ಹೊಡೆದು, ಅದು ತನಗಿಂತ ದೊಡ್ಡ ಜೊತೆಗಾರ ಕ್ಷುದ್ರಗ್ರಹವನ್ನು ಸುತ್ತುವ ಕಾಲವನ್ನು ಸುಮಾರು ಅರ್ಧ ಗಂಟೆಯಷ್ಟು ತಗ್ಗಿಸಿತು. ಬರುವ ಕಲ್ಲನ್ನು ಪಕ್ಕಕ್ಕೆ ತಳ್ಳಬಹುದು ಎಂಬುದು ಹೀಗೆ ಮಾಡಿ ತೋರಿಸಿದ ಸತ್ಯ, ಕಾಗದದ ಯೋಜನೆಯಲ್ಲ. ಆದರೆ ತಳ್ಳಬೇಕಾದರೆ ಮೊದಲು ಕಾಣಬೇಕು. 140 ಮೀಟರಿಗಿಂತ ದೊಡ್ಡದಾಗಿ ಭೂಮಿಯ ಹತ್ತಿರ ಸುಳಿಯುವ ಕಾಯಗಳಲ್ಲಿ ಅರ್ಧದಷ್ಟೂ ಇನ್ನೂ ಪತ್ತೆಯಾಗಿಲ್ಲ.

ಕೋವಿಡ್ ನಂತರ ಸಾಂಕ್ರಾಮಿಕಗಳಿಗೆ ಜಗತ್ತು ಹೆಚ್ಚು ಸಿದ್ಧವಾಗಿದೆಯೇ?

ಕೆಲವು ವಿಷಯಗಳಲ್ಲಿ ಹೌದು. ಹೊಸ ರೋಗಾಣುವಿಗೆ ಬೇಗ ಲಸಿಕೆ ತಯಾರಿಸಲು ನೆರವಾಗುವ ಎಂ.ಆರ್.ಎನ್.ಎ. ತಂತ್ರ ಕೈಗೆ ಬಂದಿದೆ. 2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿತು. ಹಿಂದಿನ ದಿನ ಸಭೆಯ ಸಮಿತಿಯಲ್ಲಿ 124 ದೇಶಗಳು ಪರವಾಗಿ ಮತ ಹಾಕಿದ್ದವು, 11 ತಟಸ್ಥವಾಗಿದ್ದವು. ಆದರೆ ರೋಗಾಣುವಿನ ಮಾದರಿ ಕೊಟ್ಟ ದೇಶಕ್ಕೆ ಲಸಿಕೆಯಲ್ಲಿ ಎಷ್ಟು ಪಾಲು ಎಂಬ ಮುಖ್ಯ ತಕರಾರನ್ನು ಮುಂದಿನ ಮಾತುಕತೆಗೆ ಬಿಟ್ಟೇ ಒಪ್ಪಂದ ಅಂಗೀಕಾರವಾಯಿತು. ಕಣದಲ್ಲಿ ಕಾಳು ಹಂಚುವ ಮೊದಲು ಸೇರಿನ ಅಳತೆಯನ್ನು ನಿಶ್ಚಯಿಸದೆ ಎದ್ದು ಬಂದಂತಿದೆ ಇದು.

ಹೊಸ ರೋಗ ಎಲ್ಲೋ ದೂರದಲ್ಲಿ ಹುಟ್ಟುತ್ತದೆಂದು ಈ ಭಾಗದವರು ತಿಳಿಯಬೇಕಾಗಿಲ್ಲ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಬಂದಾಗ ಪತ್ತೆಯಾದ ಮಂಗನ ಕಾಯಿಲೆಯ ವೈರಾಣು ಜಗತ್ತಿಗೇ ಹೊಸದಾಗಿತ್ತು. ಇಂದಿಗೂ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಬೇಸಿಗೆ ಬಂತೆಂದರೆ ಅದರ ಭಯವಿದೆ. ಇಲ್ಲಿ ಮುನ್ನೆಚ್ಚರಿಕೆಯ ಗಂಟೆ ಬಾರಿಸುವುದು ಸತ್ತ ಮಂಗ. ಸೌದೆಗೋ ದರಗಿಗೋ ಕಾಡಿಗೆ ಹೋದವರು ಅದನ್ನು ಕಂಡು ಆಶಾ ಕಾರ್ಯಕರ್ತೆಗೆ ಹೇಳಿ, ಆಕೆ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಿದರೆ ಉಣುಗಿನಿಂದ ಕಾಪಾಡಿಕೊಳ್ಳುವ ಡೇಪಾ ತೈಲ ಊರಿಗೆ ಸಕಾಲದಲ್ಲಿ ಬರುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಮೇಲಿನ ಪ್ರಯೋಗಾಲಯ ಎಷ್ಟು ಉತ್ತಮವಾಗಿದ್ದರೂ ತಡವಾಗುತ್ತದೆ. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಬಡವರ, ಕಾಡಂಚಿನ ಕಾಯಿಲೆಗೆ ಹೊಸ ಲಸಿಕೆ ಹುಡುಕುವ ಆತುರ ಜಗತ್ತಿಗೆ ಕಡಿಮೆ ಎಂಬುದು ನನ್ನ ಅಸಮಾಧಾನ.

ಆಹಾರದ ಕೊರತೆ ಜಾಗತಿಕ ಅಪಾಯ ಹೇಗಾಗುತ್ತದೆ? ಒಂದು ಕಡೆ ಬೆಳೆ ಹೋದರೆ ಇನ್ನೊಂದು ಕಡೆಯಿಂದ ತರಿಸಬಹುದಲ್ಲವೇ?

ಎಲ್ಲ ಕಡೆ ಒಟ್ಟಿಗೆ ಹೋದರೆ ತರಿಸಲಾಗದು. ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ಕರೆಯುವ 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಮಾತ್ರ ಬಳಲಲಿಲ್ಲ. ಅದೇ ವರ್ಷಗಳಲ್ಲಿ ಉತ್ತರ ಚೀನಾ ಮತ್ತು ಬ್ರೆಜಿಲ್‌ನ ಈಶಾನ್ಯ ಭಾಗಗಳಲ್ಲೂ ಮಳೆ ಹೋಗಿತ್ತು. ಶಾಂತಸಾಗರದ ನೀರು ಬಿಸಿಯೇರುವ ಎಲ್ ನಿನೊ ಆ ಎಲ್ಲವನ್ನೂ ಒಂದೇ ದಾರದಲ್ಲಿ ಕಟ್ಟಿತ್ತು. ಅದಕ್ಕೂ ಹಿಂದೆ, 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಸಿಡಿದು, ಮರುವರ್ಷ ಯುರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ಬೇಸಿಗೆಯೇ ಬಾರದೆ ಬೆಳೆ ನಾಶವಾಯಿತು.

ಒಂದೇ ತಳಿಯನ್ನು ನೆಚ್ಚಿಕೊಳ್ಳುವುದರ ಅಪಾಯವನ್ನು ಕಾಫಿ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಎರಡು ದಶಕಗಳಲ್ಲಿ ಅಲ್ಲಿನ ಕಾಫಿಯನ್ನು ಅಳಿಸಿಹಾಕಿತು. ತೋಟಗಳು ಚಹಾಕ್ಕೆ ತಿರುಗಿದವು. ನಮ್ಮಲ್ಲಿ ಕೆಂಟ್ಸ್ ತಳಿ ಸ್ವಲ್ಪ ಕಾಲ ತಡೆದುಕೊಂಡಿತು, ಆಮೇಲೆ ರೋಗವೇ ರೂಪ ಬದಲಿಸಿತು. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಎಸ್.795 ಬಂದದ್ದು ಈ ಹೋರಾಟದ ಫಲ. ಅದಕ್ಕೂ ತುಕ್ಕು ಹತ್ತುತ್ತದೆ, ಬೋರ್ಡೊ ದ್ರಾವಣ ಹೊಡೆಯುವುದು ತಪ್ಪಿಲ್ಲ. ತಳಿ ಅಭಿವೃದ್ಧಿಗೆ ಕಡೆಯ ದಿನಾಂಕ ಇರುವುದಿಲ್ಲ. ಕಾಫಿ ಹೋದರೆ ಜಗತ್ತು ಉಪವಾಸ ಬೀಳದು. ಆದರೆ ಅಕ್ಕಿ, ಗೋಧಿ, ಮೆಕ್ಕೆಜೋಳ ಈ ಮೂರರ ಮೇಲೆ ಮನುಷ್ಯರ ಆಹಾರದ ಅರ್ಧದಷ್ಟು ನಿಂತಿದೆ.

ಇನ್ನೊಂದು ತೊಡಕಿದೆ. ಪ್ರತಿಯೊಂದು ದೇಶ ತನ್ನ ಮಟ್ಟಿಗೆ ಸಿದ್ಧವಾದರೆ ಜಗತ್ತು ಸಿದ್ಧವಾದಂತಾಗುವುದಿಲ್ಲ. 2023ರ ಜುಲೈನಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿದ್ದು ಇಲ್ಲಿನ ಬೆಲೆಯ ದೃಷ್ಟಿಯಿಂದ. ಅದೇ ನಿರ್ಧಾರ ಅಕ್ಕಿಯನ್ನು ಕೊಂಡು ಉಣ್ಣುವ ದೇಶಗಳಲ್ಲಿ ಬೆಲೆ ಏರಿಸಿತು. ನಾಲೆಯ ಮೇಲ್ಭಾಗದ ರೈತ ತೂಬು ಮುಚ್ಚಿಕೊಂಡರೆ ಅವನ ಗದ್ದೆ ಸುರಕ್ಷಿತ. ಹೇಮಾವತಿಯ ಕೊನೆಯ ಭಾಗದ ಅಚ್ಚುಕಟ್ಟಿನವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ದೇಶವಾರು ಅಂಕ ಕೊಡುವ ಯಾವ ಸೂಚ್ಯಂಕದಲ್ಲೂ ಈ ತೂಬಿನ ಲೆಕ್ಕ ಸರಿಯಾಗಿ ಸೇರುವುದಿಲ್ಲ.

ಅಣ್ವಸ್ತ್ರ, ಜೈವಿಕ ಅಸ್ತ್ರ, ಕೃತಕ ಬುದ್ಧಿಮತ್ತೆ ಇವುಗಳಿಗೆ ಸಿದ್ಧತೆಯನ್ನು ಅಳೆಯಬಹುದೇ?

ಅಣ್ವಸ್ತ್ರದ ವಿಷಯದಲ್ಲಿ ಆದ ಮೇಲಿನ ಸಿದ್ಧತೆಯೆಂಬುದು ಬಹುಮಟ್ಟಿಗೆ ಇಲ್ಲ, ಆಗದಂತೆ ತಡೆಯುವುದೇ ಸಿದ್ಧತೆ. ಒಂಬತ್ತು ದೇಶಗಳ ಬಳಿ ಒಟ್ಟು 12,000ದಷ್ಟು ಸಿಡಿತಲೆಗಳಿವೆ. ರಾಸಾಯನಿಕ ಅಸ್ತ್ರಗಳ ಒಪ್ಪಂದಕ್ಕೆ 1997ರಿಂದ ತಪಾಸಣೆಗಾರರಿದ್ದಾರೆ. 1975ರಿಂದ ಜಾರಿಯಲ್ಲಿರುವ ಜೈವಿಕ ಅಸ್ತ್ರಗಳ ಒಪ್ಪಂದಕ್ಕೆ ಇಂದಿಗೂ ಇಲ್ಲ. ಕೃತಕ ಬುದ್ಧಿಮತ್ತೆಯ ಬಗ್ಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ನಿನ ಬ್ಲೆಚ್ಲಿ ಪಾರ್ಕಿನಲ್ಲಿ ಭಾರತವೂ ಸೇರಿ 28 ದೇಶಗಳು ಮತ್ತು ಯುರೋಪಿಯನ್ ಒಕ್ಕೂಟ ಒಂದು ಹೇಳಿಕೆಗೆ ಒಪ್ಪಿದವು, ಆದರೆ ಅಳತೆಗೋಲು ಇನ್ನೂ ತಯಾರಾಗುತ್ತಿದೆ. 1947ರಿಂದ ಅಮೆರಿಕದ ವಿಜ್ಞಾನಿಗಳ ಪತ್ರಿಕೆಯೊಂದು ತೋರಿಸುತ್ತಿರುವ ಪ್ರಳಯದ ಗಡಿಯಾರ 2025ರ ಆರಂಭದಲ್ಲಿ ಮಧ್ಯರಾತ್ರಿಗೆ 89 ಸೆಕೆಂಡಿಗೆ ಬಂದಿತ್ತು. ಅದು ಎಚ್ಚರಿಸುವ ಒಂದು ಸಂಕೇತ, ಅಳತೆಯಲ್ಲ.

ನಮ್ಮ ಜಿಲ್ಲೆಯ ಸಿದ್ಧತೆಯನ್ನು ನಾವೇ ನೋಡಿ ತಿಳಿಯಬಹುದೇ?

ಖಂಡಿತ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವಿರಬೇಕು, ಲಿಖಿತ ಯೋಜನೆಯಿರಬೇಕು, ಅದು ಪ್ರತಿ ವರ್ಷ ಪರಿಷ್ಕೃತವಾಗಬೇಕು. ಯೋಜನೆಯನ್ನು ತರಿಸಿಕೊಂಡು ಅದರಲ್ಲಿರುವ ದೂರವಾಣಿ ಸಂಖ್ಯೆಗಳಿಗೆ ಕರೆ ಮಾಡಿ ನೋಡುವುದು ನಾನು ಬಲ್ಲ ಅತ್ಯಂತ ಅಗ್ಗದ ಮೌಲ್ಯಮಾಪನ. ವರ್ಗವಾಗಿ ಹೋದವರ ಸಂಖ್ಯೆಗಳು ಎಷ್ಟು ಎಂಬುದರಿಂದಲೇ ಅದು ಕೊನೆಯ ಬಾರಿ ತಿದ್ದಲ್ಪಟ್ಟದ್ದು ಯಾವಾಗ ಎಂದು ತಿಳಿಯುತ್ತದೆ. ಕಾಳಜಿ ಕೇಂದ್ರವೆಂದು ಗುರುತಿಸಿದ ಶಾಲೆಗೆ ಮಳೆಯಲ್ಲಿ ದಾರಿ ಇರುತ್ತದೆಯೇ, ಟವರ್ ಸತ್ತಾಗ ಸುದ್ದಿ ಹೇಗೆ ಮುಟ್ಟುತ್ತದೆ, ಹಾಸಿಗೆ ಹಿಡಿದವರನ್ನು ಹೊರುವವರು ಯಾರು ಎಂದೂ ಕೇಳಬಹುದು.

ಮೂಡಿಗೆರೆ ಕಡೆಯ ಹಿರಿಯ ಬೆಳೆಗಾರರೊಬ್ಬರ ಮನೆಯಲ್ಲಿ ಮೂರು ತಲೆಮಾರಿನ ಮಳೆ ಪುಸ್ತಕಗಳನ್ನು ನೋಡಿದ್ದೇನೆ. ದಿನವೂ ಬೆಳಿಗ್ಗೆ ಅಳೆದು ಇಂಚು, ಸೆಂಟುಗಳಲ್ಲಿ ಬರೆದದ್ದು; ಹೂಮಳೆಗೆ ನೀಲಿ ಗೆರೆ, ಒಂದೇ ದಿನ ಮಿತಿಮೀರಿ ಬಿದ್ದದ್ದಕ್ಕೆ ಕೆಂಪು ಶಾಯಿ. ಈಗ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆ ಮಾಪಕಗಳು ಗ್ರಾಮ ಪಂಚಾಯಿತಿಗಳಲ್ಲೇ ಇವೆ. ಯಂತ್ರದ ಅಂಕಿಯನ್ನೂ ಪುಸ್ತಕದ ಕೆಂಪು ಸಾಲುಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಎಷ್ಟು ಇಂಚಿಗೆ ಯಾವ ಗುಡ್ಡದ ಕೆಳಗಿನ ಮನೆ ಬಿಡಬೇಕು ಎಂದು ಊರಿನವರೇ ಮೊದಲೇ ನಿಶ್ಚಯಿಸಿಕೊಳ್ಳಬಹುದು.

ಮುಂದಿನ ವರ್ಷಗಳಲ್ಲಿ ಯಾವುದನ್ನು ಗಮನಿಸಬೇಕು?

ಮೂರು ದಿನಾಂಕಗಳಿವೆ. 2027ರ ಕೊನೆಗೆ ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ಮುನ್ನೆಚ್ಚರಿಕೆ ತಲುಪಬೇಕೆಂದು ವಿಶ್ವಸಂಸ್ಥೆ 2022ರಲ್ಲಿ ಹೇಳಿದೆ. 2029ರ ಏಪ್ರಿಲ್ 13ರಂದು ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ, ಅಂದರೆ ಹಾಸನದಿಂದ ನಿಯಂತ್ರಿಸುವ ಉಪಗ್ರಹಗಳ ಕಕ್ಷೆಗಿಂತಲೂ ಒಳಗೆ ಹಾದುಹೋಗಲಿದೆ. ಡಿಕ್ಕಿಯ ಭಯವಿಲ್ಲವೆಂದು ಲೆಕ್ಕ ಖಚಿತವಾಗಿದೆ. 2030ಕ್ಕೆ ಸೆಂಡೈ ಗುರಿಗಳ ಅವಧಿ ಮುಗಿಯುತ್ತದೆ. ಆಗ ಬರುವ ವರದಿಗಳಲ್ಲಿ ‘ಇದೆಯಾ’ ಎಂಬ ಕಾಲಂ ಪಕ್ಕದಲ್ಲಿ ‘ಓಡುತ್ತಾ’ ಎಂಬ ಕಾಲಂ ಇದೆಯೇ ಎಂದು ನಾನು ಮೊದಲು ನೋಡುತ್ತೇನೆ.